ಸೆರೆಯಲ್ಲಿದ್ದ ಮಗನೂ ನೆರೆಯವನ ಮಗನೂ



ಬೀದರ ಪಟ್ಟಣದ ವಾಯುಪಡೆಯ ತರಬೇತಿ ಕೇಂದ್ರದಿಂದ ಏಳುವ ವಿಮಾನಗಳು ಭಾಲ್ಕಿ, ಔರಾದ ಸೀಮೆಯವರಾದ ನಮಗೆ ಹೊಸವಲ್ಲ. ಅವುಗಳನ್ನು ನಡಿಸಲು ಕಲಿಯುವ ಪ್ರತಿಯೊಬ್ಬ ಯೌವನಸ್ಥನೂ ಒಂದು ಮನೆಯ ಮಗನು. ಅಂಥವನು ಯುದ್ಧದಲ್ಲಿ ಸೆರೆಸಿಕ್ಕಿದರೆ ತಂದೆಯು ಏನು ಮಾಡತಕ್ಕದ್ದು? ಕೊಡಗಿನ ಒಂದು ಮನೆಯಲ್ಲಿ ಈ ಪ್ರಶ್ನೆಯು ನಿಜವಾಗಿಯೇ ಎದ್ದಿತು.

1965ರ ಸಪ್ಟಂಬರ 22ರಲ್ಲಿ, ಯುದ್ಧವು ಮುಗಿಯಲಿಕ್ಕಿದ್ದಾಗ, ವೈಮಾನಿಕರಾದ ಕೆ. ಸಿ. ಕಾರ್ಯಪ್ಪನವರ ಹಂಟರ್ ವಿಮಾನವು ಪಾಕಿಸ್ತಾನದವರ ಗುಂಡಿಗೆ ಈಡಾಯಿತು. ಅವರು ವಿಮಾನದಿಂದ ಹಾರಿ ಜೀವ ಉಳಿಸಿಕೊಂಡರೂ ಬೆನ್ನಿಗೆ ಪೆಟ್ಟಾಗಿ ಸೆರೆಯಾದರು. ಅವರ ತಂದೆಯಾದ ಜನರಲ್ ಕೆ. ಎಂ. ಕಾರ್ಯಪ್ಪನವರು 1949ರಲ್ಲಿ ನಮ್ಮ ಸೇನೆಗೆ ಪ್ರಥಮ ಭಾರತೀಯ ದಂಡನಾಯಕರಾದವರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನರು ವಿಭಜನೆಗೆ ಮುಂಚೆ ಇವರ ಕೈಕೆಳಗೆ ಸೇವೆಮಾಡಿದ್ದರು. ಆ ಹಳೇ ಗೌರವದ ನಿಮಿತ್ತ ಮಗನನ್ನು ಬಿಟ್ಟುಬಿಡುವದಾಗಿ ಹೇಳಿಕಳುಹಿಸಿದರು. ತಂದೆಯು ಒಪ್ಪಲಿಲ್ಲ. ಸೆರೆಯಲ್ಲಿರುವವರೆಲ್ಲರೂ ತನ್ನ ಮಕ್ಕಳೇ, ಬಿಡುವದಾದರೆ ಎಲ್ಲರನ್ನೂ ಬಿಡಬೇಕು ಎಂಬದೇ ಅವರ ಉತ್ತರದ ತಾತ್ಪರ್ಯ.

ಇದು ನಿರ್ದಯೆಯಲ್ಲವೋ ಎಂದು ಒಬ್ಬನು ಕೇಳಬಹುದು. ನೋವು ಮಗನದು, ಬೇಡವೆಂದವನು ತಂದೆ. ಮತ್ತೊಬ್ಬನ ಬೆನ್ನಿನ ಮೇಲೆ ಹೊರೆಯಿಟ್ಟು ತಾನು ನೀತಿವಂತನೆನಿಸಿಕೊಳ್ಳುವದು ಸುಲಭವಷ್ಟೆ. ಈ ಮಾತನ್ನು ಹಗುರವಾಗಿ ತಳ್ಳಿಬಿಡಕೂಡದು. ಆದರೆ ಆ ಬಿಡುಗಡೆಗೆ ಕಾರಣವೇನಾಗಿತ್ತು? ಗಾಯವಲ್ಲ, ಹೆಸರು. ತೀವ್ರವಾಗಿ ಗಾಯಪಟ್ಟ ಸೆರೆಯಾಳುಗಳನ್ನು ದರ್ಜೆ ನೋಡದೆ ಸ್ವದೇಶಕ್ಕೆ ಕಳುಹಿಸಬೇಕೆಂದು 1949ರ ಜಿನೀವಾ ಒಪ್ಪಂದವು ವಿಧಿಸುತ್ತದೆ. ಅಂಥ ಕಾರಣದಿಂದ ಬಂದ ಬಿಡುಗಡೆಯನ್ನು ತಂದೆಯು ನಿರಾಕರಿಸಿದ್ದರೆ ಅದು ತಪ್ಪೇ ಆಗುತ್ತಿತ್ತು. ಇಲ್ಲಿಯಾದರೋ, ಅದೇ ಸೆರೆಯಲ್ಲಿದ್ದ ಬಡ ಸಿಪಾಯಿಯ ತಂದೆಗೆ ಯಾವ ಅಧ್ಯಕ್ಷನೂ ಹೇಳಿಕಳುಹಿಸಲಿಲ್ಲ. ಎಲ್ಲರನ್ನೂ ಬಿಡಿರೆಂದು ಕೇಳುವವನು ತನ್ನ ಮಗನಿಗಾಗಿಯೂ ಕೇಳುತ್ತಾನಲ್ಲವೇ? ಪ್ರೀತಿಯು ಅಲ್ಲಿ ಕಡಿಮೆಯಾಗಲಿಲ್ಲ, ವಿಸ್ತಾರವಾಯಿತು.

ನಮ್ಮ ಮನೆಬಾಗಲಿಗೆ ಅಧ್ಯಕ್ಷನ ಸಂದೇಶವು ಬರಲಾರದು. ಆದರೆ ಬರಗಾಲದಲ್ಲಿ ನೀರಿನ ಟ್ಯಾಂಕರು ಬಂದಾಗ ಪರಿಚಯದವನು, "ಮೊದಲು ನಿನ್ನ ಕೊಡ ತಾರಪ್ಪಾ" ಎಂದು ಸನ್ನೆಮಾಡುವದುಂಟು. ಮನೆಯಲ್ಲಿ ಕೂಸು ಜ್ವರದಿಂದ ಬಳಲುತ್ತಿದ್ದರೆ ಎಲ್ಲರ ಮುಂದೆ ಅದನ್ನು ಹೇಳು. ನೆರೆಯವರೇ ದಾರಿ ಬಿಟ್ಟಾರು. ಪರಿಚಯವೊಂದೇ ಕಾರಣವಾದರೆ ಸಾಲಿನಲ್ಲಿಯೇ ನಿಲ್ಲು. ಕೊರತೆಯನ್ನು ಬಹಿರಂಗವಾಗಿ ಹೇಳಬಹುದು, ಸನ್ನೆಯನ್ನು ಹೇಳಲಾಗದು. ಇದೇ ಪರೀಕ್ಷೆ.

ಕಿರಿಯ ಕಾರ್ಯಪ್ಪನವರು 1966ರ ಜನವರಿಯಲ್ಲಿ ಇತರ ಸೆರೆಯಾಳುಗಳ ಸಂಗಡ ಸ್ವದೇಶಕ್ಕೆ ಬಂದರು, ಮುಂದೆ ಏರ್ ಮಾರ್ಷಲ್ ಪದವಿಗೇರಿದರು. ತಡವಾಗಿ ಬಂದರು ನಿಜ. ಆದರೆ ಸಂಗಡಿಗರ ಮುಖವನ್ನು ನೋಡಲು ನಾಚದವರಾಗಿ ಬಂದರು.