ಮರ್ತ್ಯಮುಖವೂ ಅರ್ಚಾಮೂರ್ತಿಯೂ

ದೇವತಾಬಿಂಬವು ಲಕ್ಷಣಹೀನವಾದರೂ ಶ್ರೇಯಸ್ಕರವೆಂದೂ, ಮರ್ತ್ಯರ ಬಿಂಬವು ಎಷ್ಟೇ ಸುಲಕ್ಷಣವಾಗಿದ್ದರೂ ಶ್ರೇಯಸ್ಸನ್ನು ತಾರದೆಂದೂ ಶುಕ್ರನೀತಿಯು ವಿಧಿಸುತ್ತದೆ. ಈ ನಿರ್ಣಯವನ್ನು ಒಪ್ಪಿದೆವಾದರೆ, ಕಂಡ ಮುಖವನ್ನು ಕಂಡಂತೆಯೇ ಬರೆಯುವುದರಲ್ಲಿ ಆಯುಷ್ಯವನ್ನು ಸವೆಸಿದ ಚಿತ್ರಕಾರರ ತಪಸ್ಸೆಲ್ಲ ಪುರುಷಾರ್ಥದ ಹೊರಗೇ ನಿಲ್ಲಬೇಕಾಗುತ್ತದೆ.

ಅಂತಹವರಲ್ಲೊಬ್ಬನಾದ ಫಿನ್ಲೆಂಡಿನ ಆಲ್ಬರ್ಟ್ ಎಡೆಲ್‌ಫೆಲ್ಟನು (1854–1905) ತೈಲವರ್ಣಗಳಲ್ಲಿ ಮಾತ್ರವಲ್ಲದೆ ಪಾಸ್ಟೆಲ್ ಕಡ್ಡಿಗಳಿಂದಲೂ ಸ್ತ್ರೀಯರ ಭಾವಚಿತ್ರಗಳನ್ನು ಬರೆದನು. ಬಣ್ಣದ ಪುಡಿಗೆ ಅತ್ಯಲ್ಪ ಅಂಟನ್ನು ಬೆರೆಸಿ ಹೊಸೆದ ಆ ಕಡ್ಡಿಯ ವರ್ಣವು ಕಾಗದದೊಳಕ್ಕೆ ಇಂಗುವುದಿಲ್ಲ; ಕಾಗದದ ಒರಟಿಗೆ ಸಿಕ್ಕಿಕೊಂಡು ನಿಂತಿರುತ್ತದೆಯಷ್ಟೆ. ಬೆರಳು ತಗುಲಿತೆಂದರೆ ಚಿತ್ರದ ಕೆನ್ನೆಯ ಕೆಂಪು ಬೆರಳಿಗೆ ಬರುವುದರಿಂದ ಅದನ್ನು ಗಾಜಿನ ಹಿಂದಿಟ್ಟು ಕಾಪಾಡುತ್ತಾರೆ. ಇಷ್ಟು ಅಸ್ಥಿರವಾದ ಧೂಳಿನಲ್ಲಿ, ತಾನೂ ಅಸ್ಥಿರವಾದ ಒಂದು ಮುಖವನ್ನು ಹಿಡಿಯಹೊರಟವನಿಗೆ ನಮ್ಮ ದರ್ಶನಗಳು ಏನು ಹೇಳಿಯಾವು?

ರಾಮಾನುಜರ ನೆಲೆಯಾಗಿದ್ದ, ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ನಿಂತು ಕೇಳಿದರೆ ದೊರೆಯುವ ಉತ್ತರವು ಶುಕ್ರನೀತಿಯದಾಗಲಾರದೆಂದು ನನ್ನ ದೃಢವಾದ ನಂಬಿಕೆ. ರಾಮಾನುಜರ ವಿಶಿಷ್ಟಾದ್ವೈತ ಮತದಲ್ಲಿ ಜಗತ್ತು ಸತ್ಯ, ಜೀವರು ಸತ್ಯ, ಅವರ ಅನೇಕತ್ವವು ಮುಕ್ತಿಯಲ್ಲಿಯೂ ಅಳಿಯದು; ದೇಹಕ್ಕೆ ಜೀವನು ಹೇಗೋ ಹಾಗೆ ಜೀವನಿಗೆ ನಾರಾಯಣನು ಶರೀರಿ. ಪರ, ವ್ಯೂಹ, ವಿಭವ, ಅಂತರ್ಯಾಮಿ, ಅರ್ಚೆ ಎಂಬ ಐದು ನೆಲೆಗಳಲ್ಲಿ ಕಡೆಯದಾದ ಅರ್ಚೆಯಲ್ಲಿ ಅವನು ಲೋಹದ ಪುಟ್ಟ ಮೈಯನ್ನು ತನ್ನದೆಂದು ಒಪ್ಪಿ, ಮೀಯಿಸಿದಾಗ ಮಿಂದು, ಉಣಿಸಿದಾಗ ಉಂಡು, ವೈರಮುಡಿ ಉತ್ಸವದ ಇರುಳಿನಲ್ಲಿ ಜನರ ಹೆಗಲೇರಿ ಬೀದಿಗಿಳಿಯುತ್ತಾನೆ. ದಿಲ್ಲಿಯ ಸುಲ್ತಾನನ ಮಗಳು ಆ ಉತ್ಸವಮೂರ್ತಿಯನ್ನು ಆಟದ ಬೊಂಬೆಯಾಗಿ ಒಲಿದು, ರಾಮಾನುಜರು ಅದನ್ನು ಕರೆತಂದಾಗ ಅಗಲಿರಲಾರದೆ ಹಿಂಬಾಲಿಸಿ ಬಂದು ಅವನಲ್ಲಿಯೇ ಐಕ್ಯಳಾದಳೆಂಬ ಐತಿಹ್ಯವುಂಟು. ಬೀಬಿ ನಾಚಿಯಾರ್ ಎಂಬ ಹೆಸರಿನಲ್ಲಿ ಅವಳ ಬಿಂಬವೂ ಅವನ ಪಾದದೆಡೆಯಲ್ಲಿ ಪೂಜೆಗೊಳ್ಳುತ್ತದೆ. ಅವಳು ಒಲಿದದ್ದು ತತ್ತ್ವವನ್ನಲ್ಲ, ಆ ಒಂದು ಮುಖವನ್ನು.

ಆದರೆ ವಿಶಿಷ್ಟಾದ್ವೈತಿಯೇ ಇಲ್ಲಿ ಆಕ್ಷೇಪಿಸಬಹುದು: ಅರ್ಚೆಯ ಮೈ ಭಗವಂತನು ಸ್ವೇಚ್ಛೆಯಿಂದ ತಳೆದದ್ದು, ಸ್ತ್ರೀಪುರುಷರ ಕಣ್ಣುಮೂಗುಗಳಾದರೋ ಕರ್ಮದಿಂದ ಬಂದವು, ಜ್ಞಾನಸ್ವರೂಪನಾದ ಜೀವನು ಯಾವ ಚಿತ್ರಕ್ಕೂ ಸಿಕ್ಕುವವನಲ್ಲ. ಆಕ್ಷೇಪವು ಬಲವಾದುದೇ. ಭಾವಚಿತ್ರವನ್ನು ಗರ್ಭಗುಡಿಯಲ್ಲಿಡಬೇಕೆಂದು ನಾನೂ ಹೇಳೆನು. ಆದರೂ ಎರಡು ಕೆಲಸಗಳ ಭೇದವನ್ನು ನೋಡಬೇಕು. ನಾಗಮಂಗಲದ ಎರಕದ ಶಿಲ್ಪಿಗೆ ತಾಳಮಾನವುಂಟು, ಧ್ಯಾನಶ್ಲೋಕವುಂಟು. ಮೂರ್ತಿಯ ಹುಬ್ಬು ಎಲ್ಲಿ ಬಾಗಬೇಕೆಂಬುದು ಅವನು ಮೇಣವನ್ನು ಮುಟ್ಟುವ ಮೊದಲೇ ನಿಶ್ಚಿತವಾಗಿರುತ್ತದೆ. ಎದುರಿಗೆ ಕುಳಿತ ಒಬ್ಬ ಹೆಂಗಸಿಗೆ ಅಂತಹ ಶ್ಲೋಕವಿಲ್ಲ. ಅವಳ ಬಾಯಿಯ ಕೊನೆಯಲ್ಲಿ ಯಾವ ದಣಿವು ಸೇರಿದೆಯೆಂಬುದನ್ನು ಯಾವ ಶಾಸ್ತ್ರವೂ ಮುಂಚಿತವಾಗಿ ಹೇಳದಾದ್ದರಿಂದ, ಚಿತ್ರಕಾರನು ತನ್ನ ಪೂರ್ವಕಲ್ಪನೆಗಳನ್ನೆಲ್ಲ ಬದಿಗಿಟ್ಟು ಅವಳನ್ನೇ ನೋಡುತ್ತ ಕೂರಬೇಕು. ಈ ನೋಟವನ್ನು ಉಪಾಸನೆಯ ನೆರೆಯಲ್ಲಲ್ಲದೆ ಬೇರೆಲ್ಲಿಡಲು ನನಗೆ ಮನಸ್ಸು ಬಾರದು.

ಆ ನೋಟವು ನಮ್ಮ ಸ್ತ್ರೀಯರ ಪಾಲಿಗೆ ಬಂದದ್ದು ಅತಿ ವಿರಳ. ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1171ರಲ್ಲಿ ಬ್ರಹ್ಮೇಶ್ವರ ದೇಗುಲವನ್ನು ಕಟ್ಟಿಸಿದವಳು ಬಮ್ಮವ್ವೆ ನಾಯಕಿತಿ. ಅವಳಿಗೆ ಹೆಸರುಂಟು, ಮುಖವಿಲ್ಲ. ಅದೇ ಗುಡಿಯ ಮದನಿಕೆಯರಿಗೆ ಮುಖವುಂಟು, ಹೆಸರಿಲ್ಲ. ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಕಟ್ಟಿದ ದರಿಯಾದೌಲತ್ ಅರಮನೆಯ ಪೂರ್ವದ ಗೋಡೆಯಲ್ಲಿ ಮದಕರಿನಾಯಕ, ತಂಜಾವೂರಿನ ಅರಸ ಮೊದಲಾದವರ ನಡುವೆ ಚಿತ್ತೂರಿನ ರಾಣಿಯೂ ಇದ್ದಾಳೆ. ಆದರೆ ಆ ಗೋಡೆಗಳ ಚಿತ್ರಗಳು ಮಾಸಿ, 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಿಂದ ಪುನಃ ಬರೆಯಲ್ಪಟ್ಟವು; ಈಗ ಕಾಣುವ ಮುಖವು ಅವಳದೇ ಎನ್ನಲಾಗದು. ಅದೇ ಅರಮನೆಯಲ್ಲಿರುವ, ಐರ್ಲೆಂಡಿನ ಥಾಮಸ್ ಹಿಕಿಯು ಬರೆದ ಟಿಪ್ಪುವಿನ ಮಕ್ಕಳ ರೇಖಾಚಿತ್ರಗಳಲ್ಲಿ ಒಬ್ಬ ಕುಮಾರನ ಮುಖವು ಇನ್ನೊಬ್ಬನದಾಗಿ ತೋರದು. ಗೆದ್ದವರ ಕಡೆಯ ಕೈ ಬರೆದದ್ದೆಂಬ ನೋವು ಅಲ್ಲಿದ್ದರೂ, ತಂದೆಯನ್ನು ಕಳೆದುಕೊಂಡ ಆ ಹುಡುಗರು ಒಬ್ಬೊಬ್ಬರಾಗಿ ಉಳಿದರೆಂಬುದೂ ಸತ್ಯ. ಬಮ್ಮವ್ವೆಯ ಮುಖವೂ ಹಾಗೆ ಉಳಿದಿದ್ದರೆ, ಶುಕ್ರನೀತಿಯು ಏನೆಂದಿದ್ದರೂ, ಬ್ರಹ್ಮೇಶ್ವರನನ್ನು ಕಂಡು ಹೊರಬಂದವರು ಅವಳೆದುರಿಗೂ ಕೈಮುಗಿಯುವುದರಲ್ಲಿ ನಾನು ಯಾವ ದೋಷವನ್ನೂ ಕಾಣೆನು.