ಕಿವಿ ಯಾರ ಕಡೆಗಿದೆ?

ಕಳೆದ ಯುಗಾದಿಗೆ ಕೆಂಕೆರೆಗೆ ಹೋದಾಗ ನನ್ನ ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ, ಸೋಲ್ಡರಿಂಗ್ ಐರನ್, ಮಲ್ಟಿಮೀಟರ್ ಮತ್ತು ಒಂದು ಜಾಮಿಟ್ರಿ ಬಾಕ್ಸ್ ಇದ್ದವು. ಬಾಕ್ಸಿನೊಳಗೆ ಕೈವಾರದ ಬದಲು ನಾನೇ ಕಟ್ಟಿದ ಹೆಡ್‌ಫೋನ್ ಆಂಪ್ಲಿಫೈಯರ್ ಕೂತಿತ್ತು. ಬಲಗಿವಿಗೆ ಹಾಡು ಬರುತ್ತಿತ್ತು. ಎಡಗಿವಿಗೆ ಏನೂ ಇಲ್ಲ.

ಇಲೆಕ್ಟ್ರಾನಿಕ್ಸ್‌ನಲ್ಲಿ ಬಿಇ ಮಾಡಿ, ಆಮೇಲೆ ಬರೀ ಕೋಡ್ ಬರೆದುಕೊಂಡು ಬದುಕುವವರು ಬೆಂಗಳೂರಿನಲ್ಲಿ ಎಷ್ಟು ಜನ ಇದ್ದಾರೋ ಏನೋ, ನಾನೂ ಒಬ್ಬ. ರೆಸಿಸ್ಟರ್ ಮುಟ್ಟಿ ಎಷ್ಟು ವರ್ಷ ಆಯ್ತಪ್ಪಾ ಅನ್ನಿಸಿದ ಒಂದು ಭಾನುವಾರ ‘ಸಿಮೋಯ್’ ಕಟ್ಟೋಣ ಅಂತ ಕೂತೆ. 1990ರ ದಶಕದ ಕೊನೆಯಲ್ಲಿ ಚು ಮೋಯ್ ಎಂಬವರು ಹಂಚಿಕೊಂಡ ಸರ್ಕಿಟ್ ಇದು, ಅದಕ್ಕೇ ಆ ಹೆಸರು. ಒಂದು 9 ವೋಲ್ಟ್ ಬ್ಯಾಟರಿ, ಎಂಟು ಕಾಲಿನ ಒಂದು ಐಸಿ, ಒಂದು ಹಿಡಿ ರೆಸಿಸ್ಟರ್, ಕೆಪಾಸಿಟರ್. ಹೊರದೇಶದವರು ಪೆಪ್ಪರ್‌ಮಿಂಟ್ ಡಬ್ಬಿಯಲ್ಲಿ ಕೂರಿಸುತ್ತಾರೆ, ನಾನು ಹೈಸ್ಕೂಲಿನ ಜಾಮಿಟ್ರಿ ಬಾಕ್ಸಿನಲ್ಲಿ ಕೂರಿಸಿದೆ.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು ಜಾಣತನ. ಹಾಡಿನ ಸಿಗ್ನಲ್ ಒಂದು ಮಧ್ಯಬಿಂದುವಿನಿಂದ ಮೇಲಕ್ಕೂ ಕೆಳಕ್ಕೂ ತೂಗಬೇಕು. ಬ್ಯಾಟರಿಗಿರುವುದು ಎರಡೇ ತುದಿ. ಅದಕ್ಕೆ 4.7 ಕಿಲೋ ಓಮ್‌ನ ಎರಡು ರೆಸಿಸ್ಟರ್ ಹಾಕಿ ಒಂಬತ್ತನ್ನು ನಾಲ್ಕೂವರೆ ನಾಲ್ಕೂವರೆಯಾಗಿ ಭಾಗ ಮಾಡಿ, ನಡುವಿನದನ್ನೇ ‘ಗ್ರೌಂಡ್’ ಅಂತ ಕರೆಯುತ್ತಾರೆ. ನೆಲಕ್ಕೆ ತಾಗದ ನೆಲ. ಎಲ್ಲ ಅಳತೆಯೂ ಅದರಿಂದಲೇ ಶುರು.

ಐಸಿ ತಂದದ್ದು ಎಸ್.ಪಿ. ರೋಡಿನ ಒಂದು ಸಣ್ಣ ಅಂಗಡಿಯಿಂದ, ಒಪಿಎ2134. ಒಂದೇ ಐಸಿಯಲ್ಲಿ ಎರಡು ಆಂಪ್ಲಿಫೈಯರ್, ಕಿವಿಗೊಂದರಂತೆ. ಎಡಗಿವಿ ಸತ್ತಿದ್ದರೆ ಐಸಿಯ ಅರ್ಧ ಸತ್ತಿದೆ ಅಂತ ನನ್ನ ತೀರ್ಮಾನ. ಅಂಗಡಿಗೆ ಹೋಗಿ ನಾಲ್ಕು ಜನ ಗಿರಾಕಿಗಳ ಎದುರು, ‘ಡೂಪ್ಲಿಕೇಟ್ ಮಾಲು ಕೊಟ್ಟಿದ್ದೀರಲ್ರೀ’ ಅಂದೆ. ಆತ ಮಾತಾಡದೆ ಇನ್ನೊಂದು ತೆಗೆದುಕೊಟ್ಟರು, ದುಡ್ಡೂ ತಗೊಳ್ಳಲಿಲ್ಲ. ಮನೆಗೆ ಬಂದು ಹಾಕಿದೆ. ಎಡಗಿವಿ ಹಾಗೇ ಇತ್ತು. ಆವತ್ತು ರಾತ್ರಿಯೇ ಅಂಗಡಿಯ ಪುಟಕ್ಕೆ ಒಂದು ಸ್ಟಾರ್ ಕೊಟ್ಟು ‘ಮೋಸಗಾರರು, ಹೋಗಬೇಡಿ’ ಅಂತ ಬರೆದೆ.

ಊರಿನಲ್ಲಿ ಜಗುಲಿ ಮೇಲೆ ಎಲ್ಲ ಹರಡಿಕೊಂಡು ಈ ಕಥೆಯನ್ನು ಅಪ್ಪನಿಗೆ ಹೇಳಿದೆ. ಅಪ್ಪ ಅಟ್ಟದಿಂದ ಆಗಷ್ಟೇ ಇಳಿದು ಬಂದಿದ್ದ, ತಲೆ ತುಂಬಾ ಧೂಳು.

‘ಅವ್ನು ಮೋಸ ಮಾಡವ್ನೆ ಅಂತ ಹೆಂಗ್ ಗೊತ್ತಾಯ್ತು?’

‘ಎರಡು ಹಾಕಿದ್ರೂ ಬರಲಿಲ್ವಲ್ಲಪ್ಪ.’

‘ಒಂದೇ ಕಲ್ಲಿಗೆ ಎರಡು ಕಾಯಿ ಹೊಡ್ದೆ, ಎರಡೂ ಒಡೀಲಿಲ್ಲ. ಕಾಯಿ ಸರಿ ಇಲ್ಲ ಅಂದೆ. ಕಲ್ಲು ನೋಡಿದ್ಯಾ?’

ನೋಡಿರಲಿಲ್ಲ. ಸಣ್ಣ ಸ್ಕ್ರೂಡ್ರೈವರಿನ ಲೋಹಕ್ಕೆ ಬೆರಳು ತಾಗಿಸಿ, ಅದರ ತುದಿಯನ್ನು ಐಸಿಯ ಮೂರನೇ ಕಾಲಿಗೆ, ಅಂದರೆ ಎಡಗಿವಿಯ ಇನ್‌ಪುಟ್ಟಿಗೆ ಮುಟ್ಟಿಸಿದೆ. ನಮ್ಮ ಮೈ ಸುತ್ತಲಿನ ಕರೆಂಟಿನ ಸದ್ದನ್ನು ಆಂಟೆನಾ ಥರ ಹಿಡಿಯುತ್ತದೆ. ಎಡಗಿವಿಯಲ್ಲಿ ‘ಗುಂಯ್’ ಅಂತು. ಅಂದರೆ ಐಸಿ ಜೀವಂತ. ಅಲ್ಲಿಂದ ಹಿಂದಕ್ಕೆ ಬಂದೆ. ಕೆಪಾಸಿಟರಿನ ಆಚೆ ತುದಿ ಮುಟ್ಟಿದರೆ ಸದ್ದಿಲ್ಲ. ಭೂತಗನ್ನಡಿ ಹಿಡಿದು ನೋಡಿದೆ. ಸೀಸ ಕಾಲಿನ ಸುತ್ತ ಗುಂಡಗೆ ಕೂತಿತ್ತೇ ಹೊರತು ಹಿಡಿದಿರಲಿಲ್ಲ, ಬಣ್ಣವೂ ಮಂಕು. ಕೋಲ್ಡ್ ಸೋಲ್ಡರ್. ನನ್ನದೇ ಕೈಕೆಲಸ. ಐರನ್ ಇಟ್ಟು ಮೂರು ಸೆಕೆಂಡ್ ಕಾಯಿಸಿದೆ, ಎಡಗಿವಿಗೆ ಹಾಡು ಬಂತು.

ಖುಷಿಗಿಂತ ಮೊದಲು ಆ ಒಂದು ಸ್ಟಾರ್ ನೆನಪಾಯಿತು.

ನೀವು ಐಟಿಯವರಾಗಿದ್ದರೆ ಇದು ನಿಮಗೆ ಹೊಸದಲ್ಲ. ರಾತ್ರಿ ಎರಡು ಗಂಟೆಗೆ ಪ್ರೊಡಕ್ಷನ್ ಬಿದ್ದಾಗ ಕಾಲ್‌ನಲ್ಲಿ ಮೊದಲು ಕೇಳುವ ಮಾತು ‘ನಮ್ಮ ಸೈಡ್ ಏನೂ ಚೇಂಜ್ ಆಗಿಲ್ಲ’. ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ, ಹಾಗಂತ ನಂಬಿರುತ್ತಾರೆ. ನನ್ನ ಎಡಗಿವಿಯ ಮೌನದಲ್ಲಿ ನನಗೆ ಪ್ರಾಮಾಣಿಕವಾಗಿಯೇ ಆ ಅಂಗಡಿಯವನ ಮೋಸ ಕೇಳಿಸಿತ್ತು.

ಬೆಂಗಳೂರಿಗೆ ಬಂದು ರಿವ್ಯೂ ಅಳಿಸಿದೆ. ಅಂಗಡಿಗೂ ಹೋಗಿ, ತಪ್ಪು ನಂದೇ ಅಂತ ಹೇಳಿ ಎರಡನೇ ಐಸಿಯ ದುಡ್ಡು ಕೊಟ್ಟೆ. ಅವರಿಗೆ ನನ್ನ ಮುಖ ನೆನಪಿರಲಿಲ್ಲ. ‘ಪರ್ವಾಗಿಲ್ಲ ಸಾರ್, ಎಲ್ರೂ ಫಸ್ಟು ಐಸಿನೇ ಅಂತಾರೆ’ ಅಂದರು.

ಪಾಠ ಕಲಿತೆ ಅಂದುಕೊಂಡೆ. ಕಲಿತಿರಲಿಲ್ಲ. ಮುಂದಿನ ಎರಡು ತಿಂಗಳು ಆ ಡಬ್ಬಿಯನ್ನು ಆಫೀಸಿಗೆ ಒಯ್ದು ಎಲ್ಲರಿಗೂ ಕೇಳಿಸಿದೆ. ‘ತಬಲಾ ಎಷ್ಟು ಕ್ಲಿಯರ್ ಅಲ್ವಾ?’ ಅಂತ ನಾನೇ ಕೇಳುತ್ತಿದ್ದೆ, ಅವರು ಹೌದು ಅನ್ನುತ್ತಿದ್ದರು. ನನ್ನ ಹೆಂಡತಿ ಮಾತ್ರ, ‘ಸೌಂಡ್ ಜಾಸ್ತಿ ಅಷ್ಟೇ ಕಣ್ರೀ’ ಅಂದಳು.

ಅವಳ ಮಾತಿಗೆ ಆಧಾರವಿತ್ತು. ಈ ಸರ್ಕಿಟ್ ಸಿಗ್ನಲ್ಲನ್ನು ಹನ್ನೊಂದು ಪಟ್ಟು ಮಾಡುತ್ತದೆ, ಮತ್ತು ಸ್ವಲ್ಪ ಜೋರಾದದ್ದು ನಮ್ಮ ಕಿವಿಗೆ ‘ಚೆನ್ನಾಗಿದೆ’ ಅಂತಲೇ ಕೇಳುತ್ತದೆ. ಮುನ್ನೂರು, ಆರುನೂರು ಓಮ್‌ನ ಹೆಡ್‌ಫೋನಿಗೆ ಇಂಥ ಆಂಪ್ಲಿಫೈಯರ್ ನಿಜಕ್ಕೂ ಬೇಕಾಗುತ್ತದೆ. ನನ್ನದು 32 ಓಮ್, ಅದನ್ನು ಫೋನೇ ಆರಾಮಾಗಿ ನಡೆಸುತ್ತದೆ. ಸರಿ ಅಂತ ಒಂದೇ ಸ್ವರದ ಫೈಲ್ ಹಾಕಿ, ಮಲ್ಟಿಮೀಟರಿನಲ್ಲಿ ಎರಡೂ ಕಡೆಯ ವೋಲ್ಟೇಜ್ ಸಮ ಮಾಡಿದೆ. ನಾನು ಗೋಡೆ ಕಡೆ ತಿರುಗಿ ಕೂತೆ, ಅವಳು ಇಷ್ಟ ಬಂದಂತೆ ಪ್ಲಗ್ ಬದಲಿಸಿದಳು. ಇಪ್ಪತ್ತು ಸಲದಲ್ಲಿ ಹನ್ನೊಂದು ಸಲ ಸರಿ ಹೇಳಿದೆ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು.

ಆವತ್ತು ಅಪ್ಪನ ಅಟ್ಟ ನೆನಪಾಯಿತು. ನಮ್ಮ ತಿಪಟೂರು ಸೀಮೆಯ ಕೊಬ್ಬರಿ ಆಗುವುದು ಅಟ್ಟದ ಮೇಲೆ. ಬಲಿತ ಕಾಯಿಯನ್ನು ಮಟ್ಟೆ ಸಮೇತ ಎಂಟರಿಂದ ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ಬತ್ತಿ, ತಿರುಳು ಚಿಪ್ಪು ಬಿಟ್ಟು ಗುಂಡಾಗುತ್ತದೆ. ಆಗಿದೆಯೋ ಇಲ್ಲವೋ ಹೊರಗಿನಿಂದ ಕಾಣದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ‘ಕುಳುಕ್’ ಅಂದರೆ ಇನ್ನೂ ನೀರಿದೆ, ‘ಗಡಗಡ’ ಅಂದರೆ ಗಿಟುಕು ಆಗಿದೆ. ತಪ್ಪು ಕೇಳಿಸಿಕೊಂಡು ಮೊದಲೇ ಒಡೆದರೆ ತಿರುಳು ಚಿಪ್ಪಿಗೆ ಅಂಟಿಕೊಂಡು ಚೂರಾಗುತ್ತದೆ, ಮಾರ್ಕೆಟ್ಟಿನಲ್ಲಿ ಉಂಡೆ ಕೊಬ್ಬರಿಯ ರೇಟು ಸಿಗದು. ಸಣ್ಣವನಿದ್ದಾಗ ಅಪ್ಪ ಒಮ್ಮೆ ಹೇಳಿದ್ದ: ‘ದುಡ್ಡಿನ ತಾಪತ್ರಯ ಇದ್ದಾಗ ಹಸಿ ಕಾಯೂ ಗಡಗಡ ಅಂದಂಗೆ ಕೇಳ್ತೈತೆ. ಅವಾಗ ಅಟ್ಟ ಹತ್ತಬಾರ್ದು ಕಣೋ.’

ಅಪ್ಪನ ಕಿವಿ ಹುಟ್ಟಿನಿಂದ ನ್ಯಾಯವಂತ ಅಲ್ಲ. ಅವನು ಪ್ರತಿ ಸಲ ಕಾಯಿ ಒಡೆದು ನೋಡಬೇಕಾಗುತ್ತದೆ, ತಪ್ಪಾದರೆ ನಷ್ಟ ಅವನದೇ. ನಾನು ಅಂಗಡಿಯವನ ಮೇಲೆ ತೀರ್ಪು ಕೊಟ್ಟಾಗಲೂ, ನನ್ನ ಡಬ್ಬಿಯನ್ನು ಹೊಗಳಿಕೊಂಡಾಗಲೂ ಒಡೆದು ನೋಡುವ ಉಸಾಬರಿಗೆ ಹೋಗಿರಲಿಲ್ಲ. ಎರಡೂ ಸಲ ನನ್ನನ್ನೇ ‘ಗ್ರೌಂಡ್’ ಮಾಡಿಕೊಂಡು ಅಳೆದಿದ್ದೆ. ಪ್ರಾಮಾಣಿಕತೆ ಅಂದರೆ ಸುಳ್ಳು ಹೇಳದಿರುವುದು ಅಂತಷ್ಟೇ ತಿಳಿದಿದ್ದೆ. ನಾನು ಹೇಳಿದ್ದು ತಪ್ಪು ಅಂತ ತೋರಿಸಬಲ್ಲ ಒಂದು ಪರೀಕ್ಷೆಗೆ ಅವಕಾಶ ಕೊಡುವುದೂ ಅದರಲ್ಲಿ ಸೇರಿದೆ ಅಂತ ಈಗ ಅನ್ನಿಸುತ್ತದೆ, ಅದರಲ್ಲೂ ಇನ್ನೊಬ್ಬರ ಹೆಸರಿಗೆ ಮಸಿ ಬಳಿಯುವ ಮೊದಲು.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ದೀಪಾವಳಿಗೆ ಊರಿಗೆ ಹೋದಾಗ ಅಪ್ಪನೇ ಕೇಳಿದ, ‘ಎಲ್ಲಿ, ನಿನ್ನ ಡಬ್ಬಿ ಕೇಳ್ಸು.’ ಬ್ಯಾಟರಿ ಖಾಲಿಯಾಗಿತ್ತು. ಹೆಡ್‌ಫೋನನ್ನು ನೇರ ಫೋನಿಗೇ ಸಿಕ್ಕಿಸಿ ಅವನ ಕಿವಿಗಿಟ್ಟು, ಹಾಡು ಹಾಕಿದೆ. ಬ್ಯಾಟರಿ ವಿಷಯ ಹೇಳಬೇಕು ಅನ್ನುವಷ್ಟರಲ್ಲಿ ಅಪ್ಪ ಕಣ್ಣು ಮುಚ್ಚಿ ತಲೆದೂಗತೊಡಗಿದ್ದ.

‘ಭಾರೀ ಸಂದಾಗೈತೆ ಕಣೋ. ಅಂಗಡೀಲಿ ಸಿಗೋದ್ಯಾವ್ದೂ ಹಿಂಗ್ ಬರಕಿಲ್ಲ.’

ಜಾಮಿಟ್ರಿ ಬಾಕ್ಸು ಪಕ್ಕದಲ್ಲಿ ಮುಚ್ಚಿಕೊಂಡು ಬಿದ್ದಿತ್ತು. ಯಾವ ಕಾಯಿಯ ಪರವೂ ವಹಿಸದ ಕಿವಿ ನನ್ನ ಪರ ವಹಿಸಿತ್ತು. ನಾನು ‘ಹೂಂ’ ಅಂದೆ. ಆ ‘ಹೂಂ’ ಸುಳ್ಳೇ? ಸುಳ್ಳೇ ಇರಬೇಕು. ತಿದ್ದಬೇಕು ಅಂತ ಮಾತ್ರ ಇವತ್ತಿಗೂ ಅನ್ನಿಸಿಲ್ಲ.

ಸಂಜೆ ಅಪ್ಪ ಅಟ್ಟ ಹತ್ತಿದ. ನಾಲ್ಕು ಕಾಯಿ ಅಲ್ಲಾಡಿಸಿ, ನಾಲ್ಕನ್ನೂ ಅಲ್ಲೇ ಬಿಟ್ಟು ಇಳಿದ.

‘ಇನ್ನೂ ಒಂದು ತಿಂಗ್ಳು ಬೇಕು’ ಅಂದ.