ಪಾಲಖಿಯ ಹಿಂದೆ

ಆಷಾಢ ಏಕಾದಶಿಗೆ ಮುನ್ನ ಪುಣೆಗೆ ಎರಡು ಪಾಲಖಿಗಳು ಬರುತ್ತವೆ: ಆಳಂದಿಯಿಂದ ಜ್ಞಾನೇಶ್ವರರದು, ದೇಹುವಿನಿಂದ ತುಕಾರಾಮರದು. ಲಕ್ಷಾಂತರ ಭಕ್ತರು ಒಂದೇ ತಾಳಕ್ಕೆ ಹೆಜ್ಜೆಯಿಡುವ ಆ ನೋಟವು ಪುಣ್ಯಪ್ರದವೇ ಸರಿ. ಆದರೆ ಆ ಪಾದುಕೆಗಳು ಯಾರವು? ಸಂನ್ಯಾಸ ತೊರೆದವನ ಮಗನೆಂದು ಜ್ಞಾನೇಶ್ವರರಿಗೆ ಉಪನಯನವನ್ನೇ ನಿರಾಕರಿಸಿದರು. ತುಕಾರಾಮರ ಅಭಂಗಗಳನ್ನು ಇಂದ್ರಾಯಣಿಯಲ್ಲಿ ಮುಳುಗಿಸಿದರು ಎನ್ನುತ್ತದೆ ಸಂಪ್ರದಾಯ. ಅಂದಿನ ಸಮಾಜಕ್ಕೆ ಬೇಡವಾದವರ ಹಿಂದೆಯೇ ಇಂದಿನ ಸಮಾಜ ನಡೆಯುತ್ತಿದೆ! ಪಂಢರಾಪುರದಲ್ಲಿ ಚೋಖಾಮೇಳನ ಸಮಾಧಿಯಿರುವುದು ಮಹಾದ್ವಾರದ ಹೊರಗೆ. ಅವನ ಜನರಿಗೆ ಬಾಗಿಲು ತೆರೆಯಲು 1947ರಲ್ಲಿ ಸಾನೆ ಗುರೂಜಿಯವರು ಉಪವಾಸ ಕೈಗೊಳ್ಳಬೇಕಾಯಿತು. ಒಳಗಿದ್ದ ವಿಠ್ಠಲನಾದರೋ (ಜ್ಞಾನೇಶ್ವರರೇ ಅವನನ್ನು ಕಾನಡಾ ಎಂದು ಕರೆದಿರುವರಷ್ಟೆ) ಇದನ್ನು ಬಯಸಿದವನಲ್ಲ. ಸಾಕ್ಷಾತ್ ಭಗವಂತನೇ ಮನೆಬಾಗಿಲಿಗೆ ಬಂದರೂ ಪುಂಡಲೀಕನು ಹೆತ್ತವರ ಸೇವೆಯನ್ನು ಬಿಟ್ಟು ಏಳಲಿಲ್ಲ. ಒಂದು ಇಟ್ಟಿಗೆಯನ್ನು ಹೊರಗೆಸೆದನು. ಸ್ವಾಮಿಯು ಮುನಿಯದೆ, ಸೊಂಟದ ಮೇಲೆ ಕೈಯಿಟ್ಟು, ಅದರ ಮೇಲೆಯೇ ಕಾದು ನಿಂತನು.